ಕುದುರೆಯ ಬೆನ್ನಿನ ಕ್ಷೇಮ

ಪ್ರಶ್ನೆ: ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರದಲ್ಲಿ ದಿನವೂ ಜನರನ್ನು ಹೊರುವ ಕುದುರೆಗೆ ಬೆನ್ನು ನೋಯದೆ? ಅದನ್ನು ಬಹುಕಾಲ ಸ್ವಸ್ಥವಾಗಿಡುವ ಬಗೆ ಹೇಗೆ?

ಉತ್ತರ: ನೋಯುವುದುಂಟು, ಆದರೆ ಆ ವ್ಯಥೆಗೆ ಭಾರದಷ್ಟೇ ಭಾರವನ್ನು ಹೊರಿಸುವ ಕ್ರಮವೂ ಕಾರಣವಾಗುತ್ತದೆ. ಎದೆಯ 18, ಸೊಂಟದ 6 ಕಶೇರುಗಳಿಂದಾದ ಕುದುರೆಯ ಬೆನ್ನು ಮುಂಗಾಲು ಹಿಂಗಾಲುಗಳ ನಡುವೆ ಸೇತುವೆಯಂತೆ ಚಾಚಿದ್ದು, ಅದನ್ನು ಕುಸಿಯಗೊಡದೆ ಕಾಯುವವು ಉದರದ ಸ್ನಾಯುಗಳಾದುದರಿಂದ, ಜೀನು ಬೆನ್ನೆಲುಬನ್ನು ಮುಟ್ಟದೆ ಇಕ್ಕೆಲದ ಮಾಂಸಖಂಡಗಳ ಮೇಲೆ ಸಮನಾಗಿ ಕೂರುವುದೂ, ಹೊರೆಯು ದೇಹತೂಕದ ಐದರಲ್ಲೊಂದು ಪಾಲನ್ನು ಮೀರದಿರುವುದೂ, ಐದಾರು ವರ್ಷದವರೆಗೆ ಬಲಿಯುತ್ತಲೇ ಇರುವ ಎಳೆಯ ಬೆನ್ನಿಗೆ ದುಡಿಮೆ ಮಿತವಾಗಿರುವುದೂ ಅವಶ್ಯಕ. ಕಡಲತೀರದಲ್ಲಾದರೋ ಜೀನಿನಡಿ ಸೇರಿದ ಮರಳು, ಬೆವರುಗಳು ಚರ್ಮವನ್ನುಜ್ಜಿ ಹುಣ್ಣುಮಾಡುವುವು; ಆಳವಾದ ಒಣಮರಳು ಕಾಲಿನ ಸ್ನಾಯುರಜ್ಜುಗಳನ್ನು ದಣಿಸುವುದು; ಆದಕಾರಣ ಪ್ರತಿದಿನ ಮೈತಿಕ್ಕಿ, ಅಲೆ ತೊಯ್ಸಿದ ಗಟ್ಟಿನೆಲದಲ್ಲಿ ನಡೆಸುವುದು ಲೇಸು. ವಿಜಯವಾಡದ ಬೀದಿಗಳಲ್ಲಿ ಹಿಂದೆ ಓಡಾಡುತ್ತಿದ್ದ ಜಟಕಾಗಳಿಗೂ ಇದೇ ನ್ಯಾಯ: ಜನರೆಲ್ಲ ಮುಂದೊತ್ತಿ ಕುಳಿತರೆ ಮೂಕಿಯ ಭಾರವೆಲ್ಲ ಕುದುರೆಯ ಬೆನ್ನಿಗೇ ಬೀಳುತ್ತಿತ್ತು. ಆರೆಂಟು ವಾರಕ್ಕೊಮ್ಮೆ ಗೊರಸನ್ನು ಹೆರೆಸುವುದನ್ನು ಮರೆಯಲಾಗದು. ಏಕೆಂದರೆ ಗೊರಸು ವಕ್ರವಾದರೆ ನಡಿಗೆ ಕೆಡುವುದು, ನಡಿಗೆ ಕೆಟ್ಟಲ್ಲಿ ಬೆನ್ನೂ ಕೆಡುವುದು.