ಭಾದ್ರಪದದ ಮಳೆ, ನವಮಿಯ ಬಿಲ್ಲು

ಹುಬ್ಬಿ, ಉತ್ತರಿ, ಹಸ್ತಾ. ಕೊಲ್ಹಾರ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಕಡೆಯ ರೈತರು ಶ್ರಾವಣ ಕಳೆಯುತ್ತಲೇ ಮುಗಿಲು ನೋಡಿ ಎಣಿಸುವ ಮಳೆಗಳಿವು. ವರ್ಷದ ಸರಾಸರಿಯೇ 600 ಮಿಲಿಮೀಟರ್ ಆಸುಪಾಸಿನ ಈ ವಿಜಯಪುರ ಜಿಲ್ಲೆಯಲ್ಲಿ ಹೆಚ್ಚು ಸುರಿಯುವುದು ಸೆಪ್ಟೆಂಬರಿನಲ್ಲಿ. ಹಿಂಗಾರಿ ಜೋಳಕ್ಕೆ, ಕಡಲೆಗೆ, ಕುಸುಬಿಗೆ ಎರಿ ಹೊಲ ಹದಗೊಳ್ಳುವುದು ಇದೇ ನೀರಿನಿಂದ. ಆದರೆ ಆದಿಲ್‌ಶಾಹಿಗಳ ಕಾಲದಲ್ಲಿ ಇದೇ ಮಳೆಗೆ ಅಂಜುತ್ತಿದ್ದ ಕಸುಬೊಂದು ಇಲ್ಲಿತ್ತು. ಅದು ಬಿಲ್ಲನ್ನು ಕಟ್ಟುವ, ಕಟ್ಟಿದ್ದನ್ನು ಕಾಯುವ ಕಸುಬು.

ದಂಡು ಹೊರಡಲಿಕ್ಕಾಗಲಿ, ಬೇಟೆಗೆ ಹೊರಡಲಿಕ್ಕಾಗಲಿ ಮಳೆಗಾಲ ಮುಗಿಯಬೇಕು. ಎರಿ ಮಣ್ಣು ನೆನೆದರೆ ಕುದುರೆಯ ಗೊರಸೂ ಮೇಲೇಳುವುದಿಲ್ಲ. ನವಮಿಗೆ ಆಯುಧ ಪೂಜೆ, ಮರುದಿನ ಬನ್ನಿ ಮುಡಿದು ಸೀಮೋಲ್ಲಂಘನ ಎಂಬ ಕ್ರಮ ನಿಂತದ್ದೇ ಈ ಲೆಕ್ಕದ ಮೇಲೆ. ತೊಂದರೆ ಏನೆಂದರೆ, ವರ್ಷದ ಅತಿ ಒದ್ದೆ ದಿನಗಳು ಕಳೆದ ಬೆನ್ನಿಗೇ ಬಿಲ್ಲಿಗೆ ಕೆಲಸ ಬೀಳುತ್ತಿತ್ತು. ಆಷಾಢದಲ್ಲಿ ಕಟ್ಟಿಟ್ಟ ಬಿಲ್ಲು ಆಶ್ವೀಜದಲ್ಲಿ ಕೈಗೆ ಬಂದಾಗ ಹೇಗಿರುತ್ತದೆ ಎಂಬುದು ಬೇಟೆಗಾರನಿಗೆ ಎಲ್ಲಕ್ಕಿಂತ ಮೊದಲ ಚಿಂತೆ. ಆಯುಧ ಪೂಜೆಯನ್ನು ಭಕ್ತಿಯ ಆಚರಣೆಯಾಗಿ ಮಾತ್ರ ನೋಡುವವರು ಅದರೊಳಗಿನ ಈ ವಾರ್ಷಿಕ ತಪಾಸಣೆಯನ್ನೂ ಗಮನಿಸಬೇಕು. ಆಯುಧ ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಬೆಳಕಿಗೆ ಹಿಡಿದು ನೋಡದೆ ಪೂಜೆಗೆ ಇಡುವಂತಿಲ್ಲವಲ್ಲ.

ವಿಜಯಪುರದ ಸುಲ್ತಾನರ ಕೈಯಲ್ಲಿದ್ದದ್ದು ಕೋಡಿನ ಬಿಲ್ಲು. ಎರಡನೇ ಅಲಿ ಆದಿಲ್‌ಶಾಹ (1656–72) ಹುಲಿಯತ್ತ ಬಾಣ ಹೂಡಿದ ಚಿತ್ರವೊಂದು ದಖನಿ ಚಿತ್ರಕಲೆ ಬಲ್ಲವರಿಗೆ ಪರಿಚಿತ. ಇಂಥ ಬಿಲ್ಲಿನ ನಡುವೆ ಮರದ ತೆಳು ಪಟ್ಟಿ, ಬಿಲ್ಲುಗಾರನ ಕಡೆಗೆ ಎಮ್ಮೆಕೋಡಿನ ಪಟ್ಟಿ, ಗುರಿಯ ಕಡೆಗೆ ಪ್ರಾಣಿಯ ನರದ ಎಳೆಗಳು. ಹೆದೆ ಎಳೆದಾಗ ಕೋಡು ಅದುಮಿಕೊಳ್ಳುತ್ತದೆ, ನರ ಹಿಗ್ಗುತ್ತದೆ. ಬಿಟ್ಟ ಕ್ಷಣ ಎರಡೂ ಒಟ್ಟಿಗೆ ಹಿಂದಕ್ಕೆ ಚಿಮ್ಮುತ್ತವೆ. ಬರೀ ಮರದ ಉದ್ದ ಬಿಲ್ಲು ಕೊಡುವ ವೇಗವನ್ನು ಇದು ಕುದುರೆ ಮೇಲೆ ಕೂತವನಿಗೂ ಎಟಕುವಷ್ಟು ಚಿಕ್ಕ ಅಳತೆಯಲ್ಲೇ ಕೊಡುತ್ತದೆ.

ಮೂರನ್ನೂ ಹಿಡಿದಿಡುವುದು ಸರೇಸು. ಚರ್ಮ, ನರ, ಮೀನಿನ ಭಾಗಗಳನ್ನು ಬೇಯಿಸಿ ಇಳಿಸಿದ ಅಂಟು. ಹಳೆಯ ಬಡಿಗೇರರ ಮನೆಗಳಲ್ಲೂ ಇದರ ಡಬ್ಬಿ ಇರುತ್ತಿತ್ತು. ಒಣಗಿದರೆ ಕಲ್ಲಿನಷ್ಟು ಗಟ್ಟಿ, ತೇವ ತಾಗಿದರೆ ಮತ್ತೆ ಮೆತ್ತಗೆ. ಒಂದೊಂದು ಪದರ ಅಂಟಿಸಿದ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ಒಣಗಲು ಬಿಡಬೇಕಾಗಿದ್ದರಿಂದ ಒಂದು ಬಿಲ್ಲು ಮುಗಿಯಲು ವರ್ಷ ಹಿಡಿಯುತ್ತಿತ್ತು. ಹೀಗೆ ವರ್ಷವಿಡೀ ದುಡಿದು ಕಟ್ಟಿದ ಬಿಲ್ಲಿನ ಬಲವನ್ನು ಉತ್ತರಿ ಮಳೆಯ ಒಂದೇ ವಾರದ ಥಂಡಿ ಕುಗ್ಗಿಸಬಲ್ಲದು. ಅದಕ್ಕೇ ಮೇಲೆ ತೊಗಟೆ ಸುತ್ತಿ, ಬಣ್ಣ ಬಳಿದು, ವಾರ್ನಿಷ್ ಕೊಡುತ್ತಿದ್ದರು. ಆ ಬಿಲ್ಲುಗಳ ಮೇಲೆ ಕಾಣುವ ಹೂಬಳ್ಳಿ ಚಿತ್ತಾರದ ಅಡಿಯ ಲೇಪವೇ ಮಳೆಗೆ ಕಟ್ಟಿದ ಗೋಡೆ.

ಈ ಬಿಲ್ಲಿಗೆ ಹೆದೆ ಏರಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹೆದೆ ಬಿಚ್ಚಿದ ಕೋಡಿನ ಬಿಲ್ಲು ತಿರುಗುಮುರುಗಾಗಿ, ಗುರಿಯ ಕಡೆಗೇ ಬಾಗಿ ಏಡಿಯ ಕೊಂಡಿಯಂತೆ ಮುದುಡಿರುತ್ತದೆ. ಬಿಲ್ಲುಗಾರ ಅದನ್ನು ಕೆಂಡದ ಮೇಲೆ, ತಾಗಿಯೂ ತಾಗದಷ್ಟು ಎತ್ತರದಲ್ಲಿ ಆಡಿಸಿ ಬೆಚ್ಚಗೆ ಮಾಡುತ್ತಾನೆ. ಹಿಡಿಯನ್ನು ಮೊಣಕಾಲಿಗೆ ಕೊಟ್ಟು ಎರಡೂ ತೋಳುಗಳನ್ನು ನಿಧಾನವಾಗಿ ಎದುರು ದಿಕ್ಕಿಗೆ ಮಣಿಸುತ್ತಾನೆ. ಆಗ ಇನ್ನೊಬ್ಬ ಹೆದೆಯ ಕುಣಿಕೆಯನ್ನು ಕಚ್ಚಿನೊಳಗೆ ಸೇರಿಸಬೇಕು. ಅಷ್ಟಕ್ಕೆ ಮುಗಿಯುವುದಿಲ್ಲ. ಬಿಲ್ಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹೆದೆ ಎರಡೂ ತೋಳುಗಳ ನಟ್ಟನಡುವೆ ಹಾಯುತ್ತಿದೆಯೇ ಎಂದು ನೋಡಬೇಕು. ಒಂದು ತೋಳು ತಿರುಚಿಕೊಂಡಿದ್ದರೆ ಮತ್ತೆ ಕೆಂಡದ ಕಾವು ಕೊಟ್ಟು, ಕೈಯಿಂದ ತಿದ್ದಿ, ಆರುವ ತನಕ ಕಾಯಬೇಕು. ಈ ನೋಟ ತಪ್ಪಿದರೆ ಎಳೆಯುವಾಗ ಬಿಲ್ಲು ಮಗುಚಿ ಹಿಂದಕ್ಕೆ ಹಾರುತ್ತದೆ, ಕೋಡು ಸೀಳುತ್ತದೆ. ಮಳೆಗಾಲದ ನಂತರದ ಮೊದಲ ಹೆದೆಯೇ ಅತಿ ಅಪಾಯದ್ದು. ಇಂಥ ಬಿಲ್ಲನ್ನು ಉಲ್ಟಾ ಬಾಗಿಸಿ ಗೋಡೆಗೆ ತೂಗು ಹಾಕಿದ ಪ್ರದರ್ಶನಗಳು ಲೋಕದ ಹಲವೆಡೆ ಇವೆ. ಕಸುಬು ಮರೆತರೆ ವಸ್ತು ಎದುರಿಗಿದ್ದರೂ ಅರ್ಥವಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೋಡಿನ ಬಿಲ್ಲು ಕನ್ನಡ ನಾಡಿನ ರಾಜಕಾರಣವನ್ನೇ ಅಲುಗಿಸಿದ್ದುಂಟು. ವಿಜಯಪುರದಲ್ಲಿದ್ದುಕೊಂಡೇ ಇತಿಹಾಸ ಬರೆದ ಫೆರಿಶ್ತಾ ಒಂದು ಸಂಗತಿ ದಾಖಲಿಸಿದ್ದಾನೆ. ವಿಜಯನಗರದ ಎರಡನೇ ದೇವರಾಯ ಬಹಮನಿಗಳ ಎದುರು ಪದೇ ಪದೇ ಯಾಕೆ ಸೋಲಾಗುತ್ತಿದೆ ಎಂದು ಆಸ್ಥಾನಿಕರನ್ನು ಕೇಳಿದನಂತೆ. ಅವರ ಕುದುರೆಗಳು ಬಲವಾದವು, ಅವರ ಬಿಲ್ಲುಗಾರರು ಪಳಗಿದವರು ಎಂಬ ಉತ್ತರ ಬಂತು. ದೇವರಾಯ 2,000 ಮುಸ್ಲಿಂ ಬಿಲ್ಲುಗಾರರಿಗೆ ಜಾಗೀರು ಕೊಟ್ಟು ಇಟ್ಟುಕೊಂಡ, ತನ್ನವರಿಗೆ ಅವರಿಂದ ವಿದ್ಯೆ ಕಲಿಸಿದ, 60,000 ಬಿಲ್ಲುಗಾರರ ಪಡೆ ಕಟ್ಟಿದ ಎನ್ನುತ್ತಾನೆ ಫೆರಿಶ್ತಾ. ಹಲವು ದಶಕಗಳ ಬಳಿಕ, ಕೃಷ್ಣದೇವರಾಯನ ಕಾಲದಲ್ಲಿ ಹಂಪಿಯ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನ ಕಣ್ಣು ಚಿನ್ನ ಬೆಳ್ಳಿ ಹೊದಿಸಿದ ಬಿಲ್ಲುಗಳ ಜತೆಗೆ ಬಾಣಗಳ ಗರಿಯ ಅಚ್ಚುಕಟ್ಟುತನದ ಮೇಲೂ ಬಿತ್ತು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ಸಾಲುಗಳನ್ನು ಇಂದಿಗೂ ನೋಡಬಹುದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ಬೇಟೆಯ ಬಗೆಗಳಿಗೆ ದೀರ್ಘ ಭಾಗವೊಂದನ್ನು ಮೀಸಲಿಟ್ಟಿದ್ದ. ಆದರೆ ಉಗ್ರಾಣದ ತೊಂದರೆಯನ್ನು ಬಿಡಿಬಿಡಿಯಾಗಿ ಹೇಳುವುದು ಅದಕ್ಕೂ ಹಳೆಯ ‘ಅರ್ಥಶಾಸ್ತ್ರ’. ಆಯುಧಾಗಾರದ ಅಧ್ಯಕ್ಷ ಆಯುಧಗಳ ಜಾಗ ಆಗಾಗ ಬದಲಿಸಬೇಕು, ಬಿಸಿಲಿಗೆ ಹಾಕಬೇಕು, ಕಾವಿಗೆ, ತೇವಕ್ಕೆ, ಹುಳಕ್ಕೆ ಕೆಡುವಂಥವನ್ನು ಬೇರೆಯೇ ಇಡಬೇಕು ಎಂದು ಅದು ವಿಧಿಸುತ್ತದೆ. ತಾಳೆ, ಬಿದಿರು, ಮರ, ಕೋಡು ಎಂದು ಬಿಲ್ಲಿನ ನಾಲ್ಕು ಬಗೆ ಹೇಳಿ ಹೆದೆಗೆ ಒದಗುವ ನಾರುಗಳನ್ನೂ ಪಟ್ಟಿ ಮಾಡುತ್ತದೆ.

ಆ ಪಟ್ಟಿಯಲ್ಲಿ ಎಕ್ಕೆ ಇದೆ. ಕೊಲ್ಹಾರದ ಸುತ್ತ ರಸ್ತೆ ಬದಿ, ಬದು, ಬಯಲು ಎಲ್ಲಿ ನೋಡಿದರೂ ನಿಂತಿರುವ ಅದೇ ಎಕ್ಕೆ. ದನ ಮುಟ್ಟುವುದಿಲ್ಲ, ಬರಕ್ಕೆ ಬಾಡುವುದಿಲ್ಲ. ನೆಟ್ಟಗೆ ಬೆಳೆದ ಟೊಂಗೆ ಕಡಿದು, ಹಾಲು ಕಣ್ಣಿಗೆ ಸಿಡಿಯದಂತೆ ಬಾಡಿಸಿ, ತೊಗಟೆ ಸುಲಿದರೆ ಒಳಗೆ ರೇಷ್ಮೆಯ ಹೊಳಪಿನ ಬಿಳಿ ಎಳೆ. ತೊಡೆಯ ಮೇಲೆ ಹೊಸೆದು ಹುರಿ ಮಾಡಿದರೆ ಬಲವಾದ ಹೆದೆ. ನೀರಿನಲ್ಲಿ ಬೇಗ ಕೊಳೆಯದ ಗುಣದಿಂದಾಗಿ ಈ ನಾರು ಮೀನು ಬಲೆಗೂ ಆಗುತ್ತಿತ್ತು. ನರದ ಹೆದೆ ಮಳೆಯಲ್ಲಿ ಜೋತು ಬೀಳುವಾಗ ಎಕ್ಕೆ ನಾರಿನ ಹೆದೆ ಕೈ ಬಿಡುತ್ತಿರಲಿಲ್ಲ. ಯಾವ ಅರಮನೆಯ ಹಂಗೂ ಇಲ್ಲದೆ ಬೇಟೆಗಾರನಿಗೆ ಸಿಕ್ಕುತ್ತಿದ್ದ ಸಾಮಗ್ರಿ ಇದು. ಇದರ ಹುರಿ ಹೊಸೆಯುವುದನ್ನು ಶಾಲೆಯ ಮಕ್ಕಳಿಗೆ ಒಮ್ಮೆಯಾದರೂ ತೋರಿಸಬೇಕು.

ಸಾಮಾನ್ಯರ ಬಿಲ್ಲಿಗೆ ಬಿದಿರು. ಸರೇಸಿಲ್ಲ, ಪದರಗಳಿಲ್ಲ, ಹಾಗಾಗಿ ಮಳೆಗೆ ಬಿಚ್ಚಿಕೊಳ್ಳುವ ಭಯವೂ ಇಲ್ಲ. ಬಯಲುಸೀಮೆಗೆ ಒಳ್ಳೆಯ ಬಿದಿರು ಮಲೆನಾಡಿನ ಕಡೆಯಿಂದ ಬರಬೇಕು. ಅದನ್ನು ಸೀಳಿ ಹದ ಮಾಡುವ ಮೇದಾರರ ಕಸುಬು ಶರಣರ ಕಾಲದಲ್ಲೇ ಮೇದಾರ ಕೇತಯ್ಯನಿಂದ ಹೆಸರು ಪಡೆದದ್ದು. ಬಿದಿರಿಗೆ ಶತ್ರು ಕುಟ್ಟೆ ಹುಳ. ಗಳದಲ್ಲಿ ಪಿಷ್ಟ ಹೆಚ್ಚಿರುವಾಗ ಕಡಿದರೆ ಹುಳ ಬೇಗ ಹೊಕ್ಕು ಒಳಗೆಲ್ಲ ಹುಡಿ ಮಾಡುತ್ತದೆ. ಹೊರಗಿನ ಸಿಪ್ಪೆ ಗಟ್ಟಿಯಾಗಿಯೇ ಕಾಣುವುದರಿಂದ ಬೇಟೆಯ ದಿನ ಪೂರ್ತಿ ಎಳೆದಾಗಲೇ ಮೋಸ ಗೊತ್ತಾಗುವುದು. ಒಲೆಯ ಮೇಲಿನ ಹೊಗೆಗೆ ತೂಗು ಹಾಕಿದರೆ ಹುಳವೂ ದೂರ, ತೇವವೂ ದೂರ. ಹೆದೆ ಬಿಚ್ಚಿಯೇ ತೂಗಬೇಕು, ಇಲ್ಲವಾದರೆ ಬಿಲ್ಲು ಬಾಗಿದಂತೆಯೇ ನಿಂತು ಚಿಮ್ಮುವ ಕಸುವು ಕಳೆದುಕೊಳ್ಳುತ್ತದೆ.

ಬಾಣದ ಕಾಟ ಇನ್ನೂ ಸೂಕ್ಷ್ಮ. ಥಂಡಿ ಹಿಡಿದ ಕಡ್ಡಿ ಕಣ್ಣಿಗೆ ಕಾಣದಷ್ಟು ಡೊಂಕಾಗುತ್ತದೆ. ಬೆರಳುಗಳ ನಡುವೆ ತಿರುಗಿಸಿದಾಗ ಮೊನೆ ನಡುಗಿದರೆ ಅದು ಬೆಂಕಿಯ ಕಾವಿಗೆ ಹೋಗಬೇಕು. ಗರಿ ಒದ್ದೆಯಾದರೆ ಕಡ್ಡಿಗೆ ಅಂಟಿಕೊಂಡು ಮಲಗುತ್ತದೆ, ಬಾಣ ಗಾಳಿಯಲ್ಲಿ ಅಡ್ಡಾದಿಡ್ಡಿ ಹೊರಳುತ್ತದೆ. ಅಲಗಿಗೆ ತುಕ್ಕು.

ಈ ರೇಜಿಗೆಗೆ ಪರಿಹಾರವಾಗಿ ಭಾರತದಲ್ಲಿ ಉಕ್ಕಿನ ಬಿಲ್ಲುಗಳೂ ಬಂದವು. ವರ್ಷಗಟ್ಟಲೆ ಉಗ್ರಾಣದಲ್ಲಿಟ್ಟರೂ ಪದರ ಬಿಚ್ಚದ ಬಿಲ್ಲು ಅದು. ಕೋಡಿನ ಬಿಲ್ಲಿನ ಚುರುಕು ಅದಕ್ಕಿರಲಿಲ್ಲ, ಸವೆದ ಉಕ್ಕು ಹೇಳದೆ ಕೇಳದೆ ಮುರಿಯುತ್ತಿತ್ತು. ಅಷ್ಟರಲ್ಲಿ ಬತ್ತಿಯಿಂದ ಹೊತ್ತಿಸುವ ತೋಡೇದಾರು ಬಂದೂಕು ಬಯಲುಸೀಮೆಯನ್ನು ಆವರಿಸಿತು. 1705ರಲ್ಲಿ ಸುರಪುರ ಸೀಮೆಯ ವಾಗಣಗೇರಿ ಕೋಟೆಗೆ ಔರಂಗಜೇಬ ಮುತ್ತಿಗೆ ಹಾಕಿದಾಗ ಅವನ ದಂಡನ್ನು ತಡೆದು ನಿಲ್ಲಿಸಿದ ಬೇಡರು ಬಂದೂಕಿನ ಗುರಿಗೆ ಹೆಸರಾದವರು. ಮದ್ದು ನೆನೆದರೆ, ಬತ್ತಿ ಆರಿದರೆ ಬಂದೂಕೂ ಬರೀ ಕೋಲೇ. ಆದರೂ ಬಿಲ್ಲಿನ ಯುಗ ಅಲ್ಲಿಗೆ ಇಳಿಮುಖವಾಯಿತು.

ಆಯುಧಕ್ಕೆ ಬಂದ ಅತಿ ದೊಡ್ಡ ಸಂಕಟ ಮಳೆಯಿಂದಲ್ಲ, ಕಾಗದದಿಂದ ಬಂತು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ನೋಂದಾಯಿಸಿ ಪರವಾನಗಿ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು ಎಂಬ ಕಾನೂನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಬೇಟೆಯ ಬದುಕಿನ ಆಧಾರ, ಮನೆತನದ ಮಾನ. ಅವರು ಕೊಡಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಜಡಗ, ಬಾಳ, ರಾಮ, ಪೂಜೇರಿ ಹಣಮ ಎಂಬ ಹೆಸರುಗಳನ್ನು ಲಾವಣಿಕಾರರು ಉಳಿಸಿಕೊಟ್ಟರು.

ಇಂದು ಕೊಲ್ಹಾರದ ಸೇತುವೆ ದಾಟಿದರೆ ಬೀಳಗಿ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಕಾಡಿನ ಸುಮಾರು 96 ಚದರ ಕಿಲೋಮೀಟರ್ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಾಯಿತು. ಒಂದು ಕಾಲದ ಬೇಟೆಯ ನೆಲ ಈಗ ಚಿಂಕಾರದ ಕಾವಲು ನೆಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಈ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು. ಬರಗಾಲ ತುಂಬಿದ ಸೀಮೆಯಲ್ಲಿ ಇಷ್ಟು ಚೆಲುವಿನ ಜೀವ ಉಳಿದಿರುವುದೇ ಭಾಗ್ಯ. ಯುಗಾದಿ ಬೇಟೆಯ ಹೆಸರಿನಲ್ಲಿ ಕೆಲವೆಡೆ ಇನ್ನೂ ನಡೆಯುವ ಹತ್ಯೆಯನ್ನು ಸಂಪ್ರದಾಯವೆಂದು ಸಮರ್ಥಿಸಿಕೊಳ್ಳುವುದು ಸಲ್ಲ.

ಬಿಲ್ಲು ಮಾತ್ರ ಹೊಸ ರೂಪದಲ್ಲಿ ಬದುಕಿದೆ. ಅಮೆರಿಕದ ಮಿಸೌರಿಯ ಹಾಲಿಸ್ ವಿಲ್ಬರ್ ಆಲೆನ್ ರಾಟೆಗಳ ಸಹಾಯದಿಂದ ಎಳೆತದ ಭಾರ ಇಳಿಸುವ ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಪಡೆದ. ಅಲ್ಲಿ ಬಿಲ್ಲುಬೇಟೆಗೆ ಕಾನೂನುಬದ್ಧ ಋತುವೇ ಇದೆ. ಋತು ಶುರುವಾಗುವ ಹೊತ್ತಿಗೆ ಕಾಣಿಸಿಕೊಳ್ಳುವ ತೊಂದರೆಗಳು ಹಳೆಯವೇ: ಹೆದೆ ಹಿಗ್ಗಿ ರಾಟೆಗಳ ಹೊಂದಿಕೆ ತಪ್ಪುತ್ತದೆ, ಹೆದೆಗೆ ಸುತ್ತಿದ ದಾರ ಸಡಿಲುತ್ತದೆ, ಅಭ್ಯಾಸದ ಮೊನೆ ತೆಗೆದು ಅಗಲ ಅಲಗು ಹಾಕಿದೊಡನೆ ಬಾಣ ಬೇರೆಡೆ ಬೀಳುತ್ತದೆ. ಬಾಣ ಹೂಡದೆ ಬರೀ ಹೆದೆ ಎಳೆದು ಬಿಟ್ಟರೆ ತೋಳು ಸೀಳಿಹೋದೀತು.

ನಮ್ಮಲ್ಲಿ ಕಾಂಪೌಂಡ್ ಬಿಲ್ಲು ಅಂಕಣದ ಆಟ. ಕೊಲ್ಹಾರದ ಮುಂದೆ ಹರಿಯುವ ಕೃಷ್ಣೆ ಹುಟ್ಟುವ ಸಾತಾರಾ ಜಿಲ್ಲೆಯ ಅದಿತಿ ಸ್ವಾಮಿ 2023ರ ಆಗಸ್ಟಿನಲ್ಲಿ ಬರ್ಲಿನ್‌ನಲ್ಲಿ, 17ನೇ ವಯಸ್ಸಿಗೇ ಈ ಬಿಲ್ಲಿನಲ್ಲಿ ವಿಶ್ವ ಚಾಂಪಿಯನ್ ಆದರು. ಸಾತಾರಾದಲ್ಲೇ ಪಳಗಿದ ಓಜಸ್ ದೇವತಳೆ ಅದೇ ಕೂಟದಲ್ಲಿ ಪುರುಷರ ಪಟ್ಟ ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆ ಸೇರಿದೆ. ಕೃಷ್ಣೆಯ ಕೆಳದಂಡೆಯ ನಮ್ಮ ತಾಲ್ಲೂಕುಗಳಲ್ಲಿ ಯಾವ ಮಗುವಾದರೂ ಈ ಬಿಲ್ಲು ಹಿಡಿದರೆ ಮೊದಲು ಕಲಿಯಬೇಕಾದ ಪಾಠ ಬಿಸಿಲಿನದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟ ಬಿಲ್ಲಿನ ತೋಳುಗಳ ಪದರಗಳು ಕಾವಿಗೇ ಬಿಚ್ಚಿಕೊಳ್ಳಬಹುದು. ಹೆದೆಗೆ ಮೇಣ, ತೋಳಿಗೆ ನೆರಳು, ಜತೆಗೊಂದು ಹೆಚ್ಚುವರಿ ಹೆದೆ ಬೇಕೇ ಬೇಕು. ಅಂತರರಾಷ್ಟ್ರೀಯ ನಿಯಮದಂತೆ ಅರ್ಹತಾ ಸುತ್ತಿನಲ್ಲಿ ಸಲಕರಣೆ ಕೆಟ್ಟರೆ ಸರಿಪಡಿಸಲು ಹೆಚ್ಚೆಂದರೆ 15 ನಿಮಿಷ ಸಿಗುತ್ತದೆ. ಇಬ್ಬರೇ ಪರಸ್ಪರ ಸೆಣಸುವ ಸುತ್ತು ಶುರುವಾದ ಮೇಲೆ ಆ 15 ನಿಮಿಷವೂ ಇಲ್ಲ.