ಕಾರಿನ ಕೀಲಿ ಮಕ್ಕಳ ಕೈಗೆ ಕೊಟ್ಟ ಮೇಲೂ ಇರಬಹುದಾದ ಊರು

ಹಾಟ್ ಸ್ಪ್ರಿಂಗ್ಸ್ ಪೇಟೆಯ ರಿಸರ್ವ್ ಸ್ಟ್ರೀಟಿನಲ್ಲಿ ಸಾರ್ವಜನಿಕ ನಲ್ಲಿಗಳ ಕಟ್ಟೆಯೊಂದಿದೆ. ಊರಿನವರು ಪ್ಲಾಸ್ಟಿಕ್ ಕ್ಯಾನುಗಳನ್ನು ಹಿಡಿದು ಬಂದು ನೀರು ತುಂಬಿಸಿಕೊಂಡು ಹೋಗುತ್ತಾರೆ. ನೀರು ಹೊಗೆಯಾಡುತ್ತಿರುತ್ತದೆ. ಗಂಧಕದ ವಾಸನೆ ಇಲ್ಲ, ಒಗರಿಲ್ಲ, ಕಾಸೂ ಕೊಡಬೇಕಿಲ್ಲ. 4,400 ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೆ ಸುರಿದ ಮಳೆ ಭೂಮಿಯ ಆಳಕ್ಕಿಳಿದು, ಅಲ್ಲಿ ಕಾದು, ಈಗ 62 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 47 ಬುಗ್ಗೆಗಳಾಗಿ ಮೇಲೆ ಬರುತ್ತಿದೆ.

ಅಮೆರಿಕದ ದಕ್ಷಿಣದ ಅರ್ಕನ್ಸಾ ರಾಜ್ಯದ ಈ ಊರಿನ ಜನಸಂಖ್ಯೆ ಸುಮಾರು 38 ಸಾವಿರ. ಬುಗ್ಗೆಗಳಿರುವ ಜಾಗವನ್ನು ಖಾಸಗಿಯವರ ಪಾಲಾಗದಂತೆ 1832ರಲ್ಲೇ ಅಲ್ಲಿನ ಸಂಸತ್ತು ಕಾಯ್ದಿರಿಸಿತು. 1921ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಹೈಸ್ಕೂಲು ಓದಿದ್ದೂ ಇಲ್ಲೇ.

ನಿವೃತ್ತರ ಕಣ್ಣು ಈ ಊರಿನ ಮೇಲೆ ಬೀಳಲು ಮುಖ್ಯ ಕಾರಣ ಖರ್ಚು. ಮನೆ ಬೆಲೆ ದೇಶದಲ್ಲೇ ಕಡಿಮೆ ಇರುವ ರಾಜ್ಯಗಳ ಸಾಲಿನಲ್ಲಿದೆ ಅರ್ಕನ್ಸಾ. ಸೋಶಿಯಲ್ ಸೆಕ್ಯುರಿಟಿ ಎಂಬ ಕೇಂದ್ರ ಸರ್ಕಾರದ ನಿವೃತ್ತಿ ಹಣಕ್ಕೆ ರಾಜ್ಯದ ಆದಾಯ ತೆರಿಗೆ ಇಲ್ಲ. ಪಿಂಚಣಿಯಲ್ಲಿ ವರ್ಷಕ್ಕೆ 6,000 ಡಾಲರ್‌ವರೆಗೆ ವಿನಾಯಿತಿ. ಆಸ್ತಿ ತೆರಿಗೆಯನ್ನು ಮನೆಯ ಮಾರುಕಟ್ಟೆ ಬೆಲೆಯ ಶೇ 20ರಷ್ಟರ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಇದಕ್ಕಿಂತ ದೊಡ್ಡ ಅನುಕೂಲವೊಂದಿದೆ. 2000ರಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿಯಂತೆ, 65 ದಾಟಿದವರು ತಾವು ವಾಸಿಸುವ ಮನೆಯ ತೆರಿಗೆ ಮೌಲ್ಯವನ್ನು ಅಲ್ಲಿಗೇ ನಿಲ್ಲಿಸಿಕೊಳ್ಳಬಹುದು. ಹೊಸ ಕೋಣೆ ಕಟ್ಟಿಸಿದರೆ ಅಷ್ಟರ ಮಟ್ಟಿಗೆ ಏರೀತು, ಅಷ್ಟೇ. ವರಮಾನ ಹೆಚ್ಚದ ವಯಸ್ಸಿನಲ್ಲಿ ಇದು ಸಣ್ಣ ನೆಮ್ಮದಿಯಲ್ಲ. ಆದರೆ ಅಂಗಡಿಗೆ ಹೋದಾಗ ಕೈ ಬಿಗಿ ಹಿಡಿಯಬೇಕು: ರಾಜ್ಯದ ಮಾರಾಟ ತೆರಿಗೆಯೇ ಶೇ 6.5, ಅದರ ಮೇಲೆ ಕೌಂಟಿಯದು (ಅಂದರೆ ಜಿಲ್ಲೆಯದು), ನಗರದ್ದು.

ಇಲ್ಲಿಗೆ ಬರುವವರ ಮುಂದೆ ಎರಡು ದಾರಿಗಳಿವೆ. ಒಂದು ಊರೊಳಗಿನ ಮನೆ. ಇನ್ನೊಂದು, ಉತ್ತರದ ಕಾಡುಗುಡ್ಡಗಳಲ್ಲಿರುವ ಹಾಟ್ ಸ್ಪ್ರಿಂಗ್ಸ್ ವಿಲೇಜ್. ಜಾನ್ ಕೂಪರ್ ಎಂಬ ಉದ್ಯಮಿ 1970ರಲ್ಲಿ ಆರಂಭಿಸಿದ ಈ ಬಡಾವಣೆ ಸುಮಾರು 26 ಸಾವಿರ ಎಕರೆಯಷ್ಟಿದೆ. ಗೇಟು, ಕಾವಲು, ಕೆರೆಗಳು, ಸಾಲು ಸಾಲು ಗಾಲ್ಫ್ ಮೈದಾನ. ನೋಡಿದವರಿಗೆ ಮನಸ್ಸಾಗುವುದು ಸಹಜ. ಆದರೆ ಗಾಲ್ಫ್ ಆಡಲಿ ಬಿಡಲಿ, ಮಾಲೀಕರ ಸಂಘಕ್ಕೆ ತಿಂಗಳ ಶುಲ್ಕ ಕಟ್ಟಲೇಬೇಕು. ಹಾಲು, ಔಷಧಿ, ಡಾಕ್ಟರು, ಯಾವುದಕ್ಕೂ ಕಾರು ಹತ್ತಬೇಕು.

ನನ್ನ ಆಯ್ಕೆ ಊರೊಳಗಿನ ಮನೆ. ನಿವೃತ್ತಿಯ ಊರನ್ನು 65ರ ಉತ್ಸಾಹದಲ್ಲಿ ಹುಡುಕುತ್ತೇವೆ, ಬದುಕುವುದು ಮಾತ್ರ 80ರ ಮಂಡಿ ನೋವಿನ ಜೊತೆ. ಕಣ್ಣು ಮಂಜಾಗಿ ಕಾರಿನ ಕೀಲಿಯನ್ನು ಮಕ್ಕಳ ಕೈಗೆ ಕೊಡುವ ದಿನ ಬಂದಾಗ ಮನೆ ಎಲ್ಲಿದೆ ಎಂಬುದೇ ಎಲ್ಲಕ್ಕಿಂತ ದೊಡ್ಡ ಖರ್ಚು. ಊರಿನ ಮುಖ್ಯ ಬೀದಿಯಾದ ಸೆಂಟ್ರಲ್ ಅವೆನ್ಯೂ ಆಸುಪಾಸಿನಲ್ಲಿದ್ದರೆ ಕೆಲವೇ ಮಾರ್ಗಗಳದ್ದಾದರೂ ನಗರ ಬಸ್ಸಿದೆ, ಅಂಗಡಿ ಕಾಲಳತೆಯಲ್ಲಿದೆ. ಸಾಲಾಗಿ ನಿಂತ ಎಂಟು ಹಳೆಯ ಸ್ನಾನಗೃಹಗಳ ಬೆನ್ನಿಗೆ ಇಟ್ಟಿಗೆ ಹಾಸಿದ ಅರ್ಧ ಮೈಲಿಯ ಗ್ರ್ಯಾಂಡ್ ಪ್ರಾಮೆನೇಡ್ ಇದೆ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಮೈಕೈ ನೋವಿದ್ದರೆ 1912ರಿಂದ ನಡೆದುಕೊಂಡು ಬಂದಿರುವ ಬಕ್‌ಸ್ಟಾಫ್ ಸ್ನಾನಗೃಹದಲ್ಲಿ ದುಡ್ಡು ಕೊಟ್ಟು ಬುಗ್ಗೆಯ ಬಿಸಿನೀರಿನ ತೊಟ್ಟಿಯಲ್ಲಿ ಕೂರಬಹುದು. ಈ ನೀರಿಗಾಗಿಯೇ ಒಂದು ಕಾಲದಲ್ಲಿ ಸಂಧಿವಾತದವರು ದೇಶದ ಮೂಲೆಮೂಲೆಯಿಂದ ರೈಲು ಹಿಡಿದು ಬರುತ್ತಿದ್ದರು. ರೋಗ ವಾಸಿಯಾಗುತ್ತದೆಂಬ ಭರವಸೆಯನ್ನು ಯಾರೂ ಇಟ್ಟುಕೊಳ್ಳಬೇಕಿಲ್ಲ, ಬಿಗಿದ ಮೈ ಸಡಿಲಾದರೂ ಸಾಕು.

ಊರಿನಲ್ಲೇ ಎರಡು ಆಸ್ಪತ್ರೆಗಳಿವೆ. ದೊಡ್ಡ ಚಿಕಿತ್ಸೆಗೆ ಸುಮಾರು 55 ಮೈಲಿ ದೂರದ ಲಿಟಲ್ ರಾಕ್‌ಗೆ, ರಾಜ್ಯದ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋಗಬೇಕು. ದಾರಿ ಒಂದು ಗಂಟೆಯದು. ದೊಡ್ಡ ವಿಮಾನ ನಿಲ್ದಾಣವೂ ಅಲ್ಲೇ. ಡಲ್ಲಾಸ್‌ನಲ್ಲಿ ಮಕ್ಕಳಿರುವ ಕನ್ನಡದ ಕುಟುಂಬಗಳಿಗೆ ಹಾಟ್ ಸ್ಪ್ರಿಂಗ್ಸ್ ಕಾರಿನಲ್ಲಿ ಐದು ಗಂಟೆಯ ಹಾದಿ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಬರಬಹುದು. ಇಳಿವಯಸ್ಸಿನವರಿಗೆ ಇದಕ್ಕೆ ಬೆಲೆ ಕಟ್ಟಲಾಗದು.

ಬೇಸಿಗೆ ಮಾತ್ರ ಕಠಿಣ. ಜುಲೈ, ಆಗಸ್ಟ್‌ನಲ್ಲಿ 35 ಡಿಗ್ರಿ ಬಿಸಿಲು, ಮೇಲೆ ಮೈ ಅಂಟುವ ಸೆಖೆ. ಎಸಿ ಓಡಿಸದೆ ಗತಿಯಿಲ್ಲ, ಕರೆಂಟ್ ಬಿಲ್ಲನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಲೇಬೇಕು. ವಸಂತದಲ್ಲಿ ಸುಂಟರಗಾಳಿಯ ಎಚ್ಚರಿಕೆಗಳು ಬರುತ್ತವೆ. 1905ರಲ್ಲಿ ಆರಂಭವಾದ ಓಕ್‌ಲಾನ್ ಕುದುರೆ ರೇಸಿನ ಮೈದಾನ ಚಳಿಗಾಲದಿಂದ ವಸಂತದವರೆಗೆ ಜನರಿಂದ ತುಂಬುತ್ತದೆ, ಆಗ ಸೆಂಟ್ರಲ್ ಅವೆನ್ಯೂವಿನಲ್ಲಿ ವಾಹನ ತೆವಳುತ್ತದೆ.

ಹಾಗಾಗಿ ಅಕ್ಟೋಬರಿನ ಬಣ್ಣದ ಎಲೆಗಳನ್ನು ನೋಡಿ ಮನೆಗೆ ಮುಂಗಡ ಕೊಡಬೇಡಿ. ಮೊದಲು ಬಾಡಿಗೆಗೆ ಇರಿ. ಒಂದು ಜುಲೈ, ಒಂದು ರೇಸಿನ ಕಾಲ ಕಳೆಯಲಿ. ಮನೆ ನೋಡುವಾಗ ಕೆರೆ ಕಾಣುತ್ತದೆಯೇ ಎಂದು ಕೇಳುವ ಮೊದಲು ಬೀದಿಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು ಎಂದು ಎಣಿಸಿ. ಗುಡ್ಡದ ಊರಾದ್ದರಿಂದ ಇಲ್ಲಿ ಮೆಟ್ಟಿಲಿನ ಮನೆಗಳೇ ಜಾಸ್ತಿ. ಮಲಗುವ ಕೋಣೆ, ಬಚ್ಚಲು ಎರಡೂ ನೆಲಮಹಡಿಯಲ್ಲಿರುವ ಮನೆ ಸಿಗುವವರೆಗೆ ಕಾಯಿರಿ.