ಮಳೆನಾಡಿನ ಬೆನ್ನಿಗೇ ಮರಳು

ತೀರ್ಥಹಳ್ಳಿ ತಾಲೂಕಿನ ಕೋಣಂದೂರಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಸೂರಿನ ನೀರು ನಿಲ್ಲುವುದು ಅಪರೂಪ. ಅಡಿಕೆಗೆ ಕೊಳೆ ಬಂದೀತೇ ಎಂಬುದೇ ಅಲ್ಲಿನವರ ಚಿಂತೆ. ಅದೇ ತಾಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಕೋಣಂದೂರಿನಿಂದ ಪೂರ್ವಕ್ಕೆ ನೇರ ಗೆರೆ ಎಳೆದರೆ 200 ಕಿ.ಮೀ. ಕೂಡ ಆಗದ ಚಳ್ಳಕೆರೆಯಲ್ಲಿ ಮಳೆ 500 ಮಿ.ಮೀ. ಆಸುಪಾಸಿನದು. ಅಲ್ಲಿಯ ಚಿಂತೆ ಕುಡಿಯುವ ನೀರಿನದು. ಎರಡೂ ಊರುಗಳ ಮೇಲೆ ಬೀಸುವುದು ಮಾತ್ರ ಒಂದೇ ನೈಋತ್ಯ ಮಾರುತ.

ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬಂದ ಗಾಳಿ ಪಶ್ಚಿಮ ಘಟ್ಟಕ್ಕೆ ಎದುರಾಗಿ ಮೇಲೇರುತ್ತದೆ. ಏರಿದಂತೆ ತಣಿಯುತ್ತದೆ, ತಣಿದಂತೆ ತೇವ ಮಳೆಯಾಗಿ ಸುರಿಯುತ್ತದೆ. ಘಟ್ಟ ದಾಟಿ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ. ಬಿಸಿಗಾಳಿ ನೀರನ್ನು ಬಿಡುವುದಿಲ್ಲ, ಹೀರುತ್ತದೆ. ಹೀಗೆ ಬೆಟ್ಟದ ಬೆನ್ನಿಗಿರುವ ಒಣಸೀಮೆಯನ್ನು ಭೂಗೋಳದವರು ಮಳೆ ನೆರಳಿನ ಪ್ರದೇಶ ಎನ್ನುತ್ತಾರೆ. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಮರುಭೂಮಿ ಹುಟ್ಟಿದ್ದು ಆಂಡೀಸ್ ಪರ್ವತದ ಇಂಥ ನೆರಳಿನಲ್ಲಿಯೇ.

ಹಾಗಾದರೆ ಚಳ್ಳಕೆರೆ ಮರುಭೂಮಿಯೇ? ಅಲ್ಲ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಜಾಗಕ್ಕೆ ಆ ಹೆಸರು ಸಲ್ಲುತ್ತದೆಂಬುದು ಸಾಮಾನ್ಯ ಲೆಕ್ಕ. ಬಿಸಿಲು, ಒಂಟೆ, ಮರಳು ಎಂಬುದು ಸಿನಿಮಾದವರು ಕಲಿಸಿದ ಪಾಠ. ಲೆಕ್ಕದ ಪ್ರಕಾರ ಜಗತ್ತಿನ ಅತಿದೊಡ್ಡ ಮರುಭೂಮಿ ಹಿಮ ಹೊದ್ದ ಅಂಟಾರ್ಕ್ಟಿಕಾ! ಬಿಸಿ ಮರುಭೂಮಿಗಳಲ್ಲೂ ಮರಳು ಆವರಿಸಿರುವುದು ಸುಮಾರು ಐದರಲ್ಲಿ ಒಂದು ಪಾಲನ್ನು ಮಾತ್ರ. ಉಳಿದದ್ದು ಕಲ್ಲು, ಜಲ್ಲಿ, ಬೋಳು ಬಂಡೆ. ಸಹರಾ ಹುಟ್ಟಲು ಬೆಟ್ಟವೂ ಬೇಕಾಗಲಿಲ್ಲ. ಸಮಭಾಜಕದ ಬಳಿ ಮೇಲೇರಿ ಮಳೆ ಸುರಿಸಿದ ಗಾಳಿ, ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ಆಸುಪಾಸಿನಲ್ಲಿ ಒಣಗಿ ಕೆಳಗಿಳಿಯುತ್ತದೆ. ಅಲ್ಲಿ ಮೋಡ ಕಟ್ಟುವುದೇ ಕಷ್ಟ. ಚಿಲಿಯ ಅಟಕಾಮಾದಲ್ಲಿ ಇದರ ಜೊತೆಗೆ ತಣ್ಣನೆಯ ಸಮುದ್ರ ಪ್ರವಾಹವೂ ಮಳೆಯನ್ನು ತಡೆಯುತ್ತದೆ.

ಮರಳನ್ನು ಗಾಳಿ ಹೇಗೆ ಒಯ್ಯುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು ಲಿಬಿಯಾದ ಮರುಭೂಮಿ ಸುತ್ತಿದ್ದ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್. 1941ರಲ್ಲಿ ಅವರ ಗ್ರಂಥ ಹೊರಬಂತು. ದೂಳು ಆಕಾಶಕ್ಕೇರಿ ಖಂಡ ದಾಟಬಲ್ಲದು. ಮರಳಿನ ಕಣ ಹಾಗಲ್ಲ. ಅದು ನೆಲ ಬಿಟ್ಟು ಜಿಗಿಯುತ್ತದೆ, ಮುಂದೆ ಬಿದ್ದಾಗ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತದೆ. ಕಲ್ಲೋ ಕಂಟಿಯೋ ಅಡ್ಡ ಬಂದರೆ ಅಲ್ಲಿ ಗುಡ್ಡೆ ಬೀಳುತ್ತದೆ. ಗಾಳಿಗೆ ಎದುರಾದ ಇಳಿಜಾರು ಮೆತ್ತಗೆ. ಮರೆಯ ಬದಿ ಕಡಿದು. ಈ ಬದಿಯ ಕಣಗಳು ತುದಿ ದಾಟಿ ಆ ಬದಿಗೆ ಜಾರುತ್ತ ಹೋದಂತೆ ದಿಬ್ಬವೇ ನಡೆಯತೊಡಗುತ್ತದೆ.

ಆದರೆ ಆ ಮರಳನ್ನು ಅರೆದು ತಂದು ಹಾಕುವ ಕೆಲಸ ಬಹುಮಟ್ಟಿಗೆ ನೀರಿನದು. ಮರುಭೂಮಿಯಲ್ಲೂ ಅಪರೂಪಕ್ಕೆ ಬೀಳುವ ಮಳೆ, ಹಿಡಿದಿಡಲು ಬೇರಿಲ್ಲದ ನೆಲದ ಮೇಲೆ ಪ್ರವಾಹವಾಗಿ ನುಗ್ಗಿ ಕಣಿವೆ ಕೊರೆಯುತ್ತದೆ. ನೀರು ತಂದದ್ದನ್ನು ಗಾಳಿ ಹಂಚುತ್ತದೆ. ಈ ಪಾಲುಗಾರಿಕೆಯನ್ನು ನೋಡಲು ರಾಜಸ್ಥಾನಕ್ಕೆ ಹೋಗಬೇಕಿಲ್ಲ, ತಿ.ನರಸೀಪುರ ತಾಲೂಕಿನ ತಲಕಾಡಿಗೆ ಹೋದರೆ ಸಾಕು.

ಗಂಗರ ರಾಜಧಾನಿಯಾಗಿದ್ದ ತಲಕಾಡಿನಲ್ಲಿ ಮಳೆಗೆ ಅಂಥ ಬರವಿಲ್ಲ, ಪಕ್ಕದಲ್ಲೇ ಕಾವೇರಿ. ಆದರೂ ಹಳೆಯ ಊರು ಮರಳಿನಡಿ ಹೋಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ, ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ಶಾಪವಿಟ್ಟು ನದಿಗೆ ಹಾರಿದಳೆಂಬ ಕಥೆಯನ್ನು ಕೇಳದವರಿಲ್ಲ. ತಲಕಾಡು ಮರಳಾಗಬೇಕು, ಎದುರು ದಂಡೆಯ ಮಾಲಂಗಿ ಮಡುವಾಗಬೇಕು ಎಂಬುದು ಶಾಪದ ಭಾಗ. ನದಿಯ ನಡೆ ಬಲ್ಲವರಿಗೆ ಈ ಜೋಡಿ ಕುತೂಹಲದ್ದು. ನದಿ ತಿರುಗುವಲ್ಲಿ ಹೊರಬದಿಯಲ್ಲಿ ರಭಸ ಹೆಚ್ಚಿ ದಂಡೆ ಕೊರೆದು ಮಡು ಬೀಳುತ್ತದೆ. ಒಳಬದಿಯಲ್ಲಿ ನೀರು ನಿಧಾನಿಸಿ ಮರಳು ಕೂಡುತ್ತದೆ. ಬೇಸಿಗೆಯಲ್ಲಿ ಬಯಲಾದ ಆ ಮರಳಿಗೆ ನೈಋತ್ಯದ ಗಾಳಿ ಬಡಿದರೆ ಅದು ಊರ ದಾರಿ ಹಿಡಿಯುತ್ತದೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಟ್ಟಿಸಿದನೆನ್ನುವ ಅಣೆಕಟ್ಟಿನಿಂದ ನದಿಪಾತ್ರ ಹೆಚ್ಚು ಬಯಲಾಗಿ ಈ ಅನಾಹುತಕ್ಕೆ ದಾರಿಯಾಯಿತೆಂದು ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ವಾದಿಸಿದ್ದಾರೆ. ಶಾಪದ ಕಥೆಗಿಂತ ಈ ವಾದ ಹೆಚ್ಚು ಒಪ್ಪುವಂತಿದೆ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಪ್ರಕಾರ ಮರಳ ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರಿನ ಮೇಲೆ ಬರುತ್ತಿದ್ದವು. ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿದರು. ಚೋಳರನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನೂ ಮರಳಿನಿಂದ ಬಿಡಿಸಬೇಕಾಯಿತು. ಈಗ ದಿಬ್ಬಗಳ ಮೇಲೆ ಬೆಳೆಸಿದ ಮರಗಳ ಬೇರು ಮರಳನ್ನು ಹಿಡಿದಿದೆ. ಹಾಗಿದ್ದೂ 2020ರ ಪಂಚಲಿಂಗ ದರ್ಶನಕ್ಕೆ ಬಂದವರು ದೇಗುಲದಿಂದ ದೇಗುಲಕ್ಕೆ ನಡೆದದ್ದು ಮರಳಿನಲ್ಲಿಯೇ.

ತಲಕಾಡಿನದು ಹಳೆಯ ಕಥೆಯೆಂದು ಸುಮ್ಮನಾಗುವಂತಿಲ್ಲ. ಚಳ್ಳಕೆರೆ ಸೀಮೆ ದಾಟಿ ಹರಿಯುವ ವೇದಾವತಿಗೆ ಮುಂದೆ ಹಗರಿ ಎಂದು ಹೆಸರು. ಇದರ ಹುಟ್ಟು ಬಾಬಾಬುಡನ್ ಗಿರಿಶ್ರೇಣಿಯಲ್ಲಿ. 1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆ ಅಣೆಕಟ್ಟು ಮುಗಿದ ಮೇಲೆ ಕೆಳಗಿನ ಪಾತ್ರಕ್ಕೆ ನೀರು ಬರುವುದು ಅಪರೂಪವಾಯಿತು. 1933ರ ನಂತರ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಒಣಗಿದ ಪಾತ್ರದ ಮರಳು ಪೂರ್ವದ ಹೊಲಗಳಿಗೆ ಹಾರುತ್ತದೆ. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ಆಂಧ್ರದಲ್ಲಿರುವ ರಾಯದುರ್ಗ ಸೀಮೆಯ ಕಣೇಕಲ್ಲು, ಬೊಮ್ಮನಹಾಳ್ ಕಡೆ ಹಗರಿಯ ದಂಡೆಯುದ್ದಕ್ಕೂ ದಿಬ್ಬಗಳೆದ್ದಿವೆ. ಅಲ್ಲಿನ ರೈತರಿಗೆ ಬಿತ್ತನೆಗೆ ಮುನ್ನ ಹೊಲದ ಮರಳು ಎತ್ತಿ ಹಾಕುವ ಕೆಲಸ.